ಪಾಟಿ ಚೇರ್‌ನಿಂದ ಕಮೋಡಿಗೆ: ಮಗುವಿನ ಪಾದಕ್ಕೆ ಮೊದಲು ಆಸರೆ ಕೊಡಿ

ಪಾಟಿ ಚೇರ್‌ನಲ್ಲಿ, ಅಂದರೆ ಪುಟ್ಟ ಮಕ್ಕಳು ಶೌಚಕ್ಕೆ ಕೂರುವ ಚಿಕ್ಕ ಕುರ್ಚಿಯಲ್ಲಿ, ತಾನಾಗಿಯೇ ಹೋಗಿ ಕೂರಲು ಕಲಿತ ಮಗು ದೊಡ್ಡವರ ಶೌಚಾಲಯಕ್ಕೂ ಹಾಗೆಯೇ ಹೊಂದಿಕೊಳ್ಳುತ್ತದೆ ಎಂದು ಹಲವು ಹೆತ್ತವರು ಭಾವಿಸುತ್ತಾರೆ. ಮಗುವಿಗೆ ಮಾತ್ರ ಅದು ಬೇರೆಯೇ ಜಾಗ. ಪಾಟಿಯಲ್ಲಿ ಕುಳಿತಾಗ ಪಾದಗಳು ನೆಲಕ್ಕೆ ಊರಿರುತ್ತವೆ, ಮೊಣಕಾಲು ಸೊಂಟಕ್ಕಿಂತ ತುಸು ಮೇಲಿರುತ್ತದೆ, ಬೇಡವೆನಿಸಿದರೆ ಎದ್ದು ಬರಬಹುದು. ಕಮೋಡ್ ನೆಲದಿಂದ ಸುಮಾರು 40 ಸೆಂಟಿಮೀಟರ್ ಎತ್ತರವಿರುತ್ತದೆ. ಅದರ ಮೇಲೆ ಕೂರಿಸಿದ ಎರಡೂವರೆ ವರ್ಷದ ಮಗುವನ್ನು ಗಮನಿಸಿ ನೋಡಿ: ಎರಡೂ ಕೈಗಳಿಂದ ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದು, ಭುಜಗಳನ್ನು ಕಿವಿಯ ತನಕ ಎತ್ತಿ, ತೂಗಾಡುವ ಕಾಲುಗಳನ್ನು ಒಂದಕ್ಕೊಂದು ಒತ್ತಿಕೊಂಡಿರುತ್ತದೆ. ಬೀಳದಂತೆ ಮೈಯನ್ನೆಲ್ಲ ಬಿಗಿಹಿಡಿದ ಮಗು ಗುದದ್ವಾರದ ಸ್ನಾಯುವನ್ನು ಮಾತ್ರ ಸಡಿಲಿಸುವುದು ಹೇಗೆ? ಆದ್ದರಿಂದ ಸೀಟಿಗಿಂತ ಮೊದಲು ಪಾದಕ್ಕೆ ಆಸರೆ ಒದಗಿಸಬೇಕು ಎಂಬುದೇ ಈ ಲೇಖನದ ಮುಖ್ಯ ಮಾತು.

ಕೆಲವು ವಾರಗಳಿಂದ ಮಗು ಪಾಟಿಯನ್ನು ತಪ್ಪದೆ ಬಳಸುತ್ತಿದ್ದರೆ, ಚಡ್ಡಿಯನ್ನು ತಾನೇ ಕೆಳಗಿಳಿಸಬಲ್ಲದಾದರೆ, ಬಂದಿದೆ ಎಂದು ಮುಂಚಿತವಾಗಿ ಹೇಳುತ್ತಿದ್ದರೆ ಹೊಸ ಅಭ್ಯಾಸಕ್ಕೆ ಅದು ಸಿದ್ಧವಾಗಿದೆ. ಮನೆಗೆ ಹೊಸ ಮಗು ಬಂದಿರುವಾಗ, ಮನೆ ಬದಲಿಸುವಾಗ, ಜ್ವರದಿಂದ ಆಗಷ್ಟೇ ಚೇತರಿಸಿಕೊಂಡಿರುವಾಗ ಆರಂಭಿಸಬೇಡಿ. ನಮ್ಮ ಕರಾವಳಿಯಲ್ಲಿ ಮಳೆಗಾಲವನ್ನೂ ಗಣನೆಗೆ ತೆಗೆದುಕೊಳ್ಳಬೇಕಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಶೌಚಾಲಯದ ನೆಲ ಒಣಗುವುದಿಲ್ಲ, ತೊಳೆದ ಚಡ್ಡಿಗಳೂ ಒಣಗುವುದಿಲ್ಲ. ಜೂನ್‌ನಲ್ಲಿ ಅಂಗನವಾಡಿಗೋ ನರ್ಸರಿಗೋ ಸೇರಲಿರುವ ಮಗುವಿಗೆ ಮಾರ್ಚ್ ವೇಳೆಗೆ ಅಭ್ಯಾಸ ಆರಂಭಿಸಿದರೆ ಅವಸರವಿಲ್ಲದೆ ಕಲಿಸಬಹುದು.

ಮೊದಲು ಪಾಟಿಯ ಜಾಗವನ್ನು ಬದಲಿಸಿ. ಹಾಲ್‌ನಲ್ಲಿ ಅಥವಾ ಮಲಗುವ ಕೋಣೆಯಲ್ಲಿದ್ದರೆ ಶೌಚಾಲಯದ ಬಾಗಿಲ ಬಳಿಗೆ ಸರಿಸಿ, ನಾಲ್ಕೈದು ದಿನಗಳ ಬಳಿಕ ಒಳಗೆ, ಕಮೋಡಿನ ಪಕ್ಕದಲ್ಲಿಡಿ. ಪಾಟಿಯಲ್ಲಿದ್ದುದನ್ನು ಮಗುವಿನ ಎದುರಿನಲ್ಲೇ ಕಮೋಡಿಗೆ ಸುರಿಯಿರಿ. ಅದು ಹೋಗಬೇಕಾದ ಜಾಗ ಯಾವುದೆಂದು ಮಗು ಇದರಿಂದ ತಾನಾಗಿ ಅರಿತುಕೊಳ್ಳುತ್ತದೆ.

ಬಳಿಕ ಕಮೋಡಿನ ಮೇಲೆ ಕೂರಿಸುವ ಮಕ್ಕಳ ಸೀಟನ್ನು ಅಳವಡಿಸಿ. ಅಲುಗಾಡದ, ಕೆಳಭಾಗದಲ್ಲಿ ರಬ್ಬರ್ ಹಿಡಿತವಿರುವ ಸೀಟನ್ನೇ ಆರಿಸಿಕೊಳ್ಳಿ. ಒಮ್ಮೆ ಸೀಟು ಜಾರಿ ಮಗು ಹೆದರಿದರೆ ಮತ್ತೆ ಒಪ್ಪಿಸುವುದು ಕಷ್ಟ. ಕಾಲಿನಡಿಗೆ ಅಗಲವಾದ, ಭಾರವಾದ ಸ್ಟೂಲ್ ಇಡಿ. ಎತ್ತರ ಸರಿಯಿದೆಯೇ ಎಂದು ತಿಳಿಯಲು ಮಗುವಿನ ಪಾದವನ್ನು ನೋಡಿದರೆ ಸಾಕು. ಅಂಗಾಲು ಪೂರ್ತಿ ಸ್ಟೂಲಿಗೆ ಊರಿ, ಬೆರಳುಗಳು ಬಿಡಿಬಿಡಿಯಾಗಿ ಹರಡಿ, ಮೊಣಕಾಲು ಸೊಂಟಕ್ಕಿಂತ ಸ್ವಲ್ಪ ಮೇಲಿದ್ದರೆ ಸರಿಯಾಗಿದೆ ಎಂದರ್ಥ. ತುದಿಬೆರಳಷ್ಟೇ ತಾಗುತ್ತಿದ್ದರೆ ಇನ್ನೂ ಎತ್ತರದ ಸ್ಟೂಲ್ ಬೇಕು. ಚಡ್ಡಿಯನ್ನು ಪೂರ್ತಿ ತೆಗೆದರೆ ಕಾಲು ಅಗಲಿಸಿ ಕೂರಲು ಅನುಕೂಲ. ಹೆಣ್ಣುಮಕ್ಕಳಿಗೆ ಇದು ವಿಶೇಷವಾಗಿ ಮುಖ್ಯ, ಏಕೆಂದರೆ ಕಾಲು ಜೋಡಿಸಿ ಕುಳಿತರೆ ಮೂತ್ರ ಯೋನಿಯೊಳಗೆ ಹಿಂದಿರುಗಿ, ಎದ್ದ ಮೇಲೆ ಚಡ್ಡಿ ಒದ್ದೆಯಾಗುತ್ತದೆ. ಗಂಡುಮಕ್ಕಳೂ ಮೊದಲು ಕುಳಿತೇ ಕಲಿಯಲಿ.

ಊಟವಾದ ಅರ್ಧ ಗಂಟೆಯೊಳಗೆ ಕರುಳಿನ ಚಲನೆ ಸಹಜವಾಗಿಯೇ ಹೆಚ್ಚುವುದರಿಂದ ಬೆಳಗಿನ ತಿಂಡಿಯ ಮತ್ತು ರಾತ್ರಿಯೂಟದ ಬಳಿಕ ಕೂರಿಸುವುದು ಒಳ್ಳೆಯದು. ಐದು ನಿಮಿಷ ಸಾಕು. ಬಾರದಿದ್ದರೆ ಬೈಯದೆ ಎಬ್ಬಿಸಿ. ಮೊಬೈಲ್ ಕೊಟ್ಟು ಅರ್ಧ ಗಂಟೆ ಕೂರಿಸುವುದು ಖಂಡಿತ ಬೇಡ.

ಫ್ಲಶ್‌ನ ಸದ್ದಿಗೆ ಹೆದರುವ ಮಕ್ಕಳು ಬಹಳ. ಮಗು ಇಳಿದು ಹೊರಬಂದ ಮೇಲೆ ಫ್ಲಶ್ ಮಾಡಿ. ಧೈರ್ಯ ಬಂದಾಗ ಅದರ ಕೈಯಿಂದಲೇ ಒತ್ತಿಸಿ. ಮಂಗಳೂರಿನ ಮಾಲ್‌ಗಳಲ್ಲಿ ಸೆನ್ಸರ್ ಫ್ಲಶ್ ಇರುವ ಕಡೆ ಮಗು ಎದ್ದೇಳುವ ತನಕ ಸೆನ್ಸರನ್ನು ಕೈಯಿಂದ ಮುಚ್ಚಿಹಿಡಿಯಿರಿ. ತೊಳೆಯುವಾಗ ಮುಂದಿನಿಂದ ಹಿಂದಕ್ಕೆ, ಆಮೇಲೆ ಸಾಬೂನು ಹಚ್ಚಿ 20 ಸೆಕೆಂಡ್ ಕೈ ಉಜ್ಜಿ ತೊಳೆಸುವುದು: ಈ ಎರಡನ್ನು ಮೊದಲ ದಿನದಿಂದಲೇ ರೂಢಿಸಿ.

ಫ್ಲ್ಯಾಟಿನಲ್ಲಿ ಕಮೋಡಿಗೆ ಒಗ್ಗಿದ ಮಗು ರಜೆಯಲ್ಲಿ ಅಜ್ಜಿ ಮನೆಗೆ ಹೋದಾಗ ತೊಂದರೆಗೊಳಗಾಗುತ್ತದೆ. ಉಡುಪಿಯ ಸುತ್ತಲಿನ ಹಳೆಯ ಮನೆಗಳಲ್ಲಿ ಶೌಚಾಲಯ ಹಿತ್ತಿಲ ಕಡೆ, ಮನೆಯಿಂದ ಪ್ರತ್ಯೇಕವಾಗಿರುವುದುಂಟು, ಹೆಚ್ಚಿನವು ಕುಕ್ಕರಗಾಲಿನಲ್ಲಿ ಕೂರುವಂಥವು. ಆ ಭಂಗಿ ಮಲವಿಸರ್ಜನೆಗೆ ಅತ್ಯಂತ ಅನುಕೂಲಕರವಾದರೂ, ಕಾಲಿಡುವ ಜಾಗಗಳ ನಡುವಿನ ಅಂತರ ದೊಡ್ಡವರ ಅಳತೆಯದ್ದಾದ್ದರಿಂದ ಮಗು ನಡುವಿನ ಗುಂಡಿಗೆ ಹೆದರುತ್ತದೆ. ನೆಲವನ್ನು ಒರೆಸಿ ಒಣಗಿಸಿ, ದೊಡ್ಡವರ ಚಪ್ಪಲಿ ಹಾಕಿಸದೆ, ಎದುರಿನಿಂದ ಎರಡೂ ಕೈ ಹಿಡಿದು ಕೂರಿಸಿ. ಒಪ್ಪದಿದ್ದರೆ ಆ ಕೆಲವು ದಿನ ಪಾಟಿಯನ್ನೇ ಜೊತೆಗೆ ಒಯ್ಯಿರಿ. ಅದನ್ನು ಹಿನ್ನಡೆಯೆಂದು ಎಣಿಸಬೇಕಾಗಿಲ್ಲ. ತುಳು, ಕೊಂಕಣಿ, ಬ್ಯಾರಿ, ಕನ್ನಡ ಹೀಗೆ ಮನೆಯ ಮಾತು ಯಾವುದೇ ಇರಲಿ, ಮಗು ಶೌಚಕ್ಕೆ ಯಾವ ಪದ ಬಳಸುತ್ತದೆ ಎಂಬುದನ್ನು ಅಂಗನವಾಡಿ ಟೀಚರಿಗೆ ಮೊದಲೇ ತಿಳಿಸಿಡಿ.

ರಾತ್ರಿಯ ವಿಷಯವೇ ಬೇರೆ. ಹಗಲಿನಲ್ಲಿ ಪೂರ್ತಿ ಕಲಿತ ಮಗುವೂ ಐದು ವರ್ಷದ ತನಕ ಹಾಸಿಗೆ ಒದ್ದೆ ಮಾಡುವುದು ಸಹಜ.

ಇಷ್ಟೆಲ್ಲ ಮಾಡಿದರೂ ಮಗು ಕಮೋಡ್ ಕಂಡೊಡನೆ ಓಡಿಹೋಗುತ್ತಿದ್ದರೆ, ಪರದೆಯ ಹಿಂದೆ ನಿಂತು ಕಾಲು ಬಿಗಿಹಿಡಿಯುತ್ತಿದ್ದರೆ, ಅದನ್ನು ಹಟವೆಂದು ಗದರಿಸುವ ಮೊದಲು ಮಲಬದ್ಧತೆಯನ್ನು ಶಂಕಿಸಿ. ಒಮ್ಮೆ ಗಟ್ಟಿಯಾದ ಮಲ ಹೋಗಿ ನೋವಾದರೆ ಮಗು ಮುಂದಿನ ಸಲ ತಡೆಹಿಡಿಯುತ್ತದೆ. ತಡೆಹಿಡಿದಷ್ಟೂ ಕರುಳು ನೀರನ್ನು ಹೀರಿಕೊಂಡು ಮಲ ಇನ್ನಷ್ಟು ಗಟ್ಟಿಯಾಗುತ್ತದೆ, ನೋವೂ ಹೆಚ್ಚುತ್ತದೆ. ಈ ಸುಳಿಯಲ್ಲಿ ಸಿಲುಕಿದ ಮಗುವಿಗೆ ತರಬೇತಿಯನ್ನು ನಿಲ್ಲಿಸಿ, ಪಾಟಿಗೇ ಮರಳಿ, ಆಹಾರವನ್ನು ಸರಿಪಡಿಸಿ. ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಕುಡಿಯುತ್ತಿದ್ದರೆ ಕಡಿಮೆ ಮಾಡಿ. ಬಿಸ್ಕತ್ತು, ರಸ್ಕಿನ ಬದಲು ಪಪ್ಪಾಯಿ, ಬಸಳೆ, ಹರಿವೆ, ಹೆಸರುಕಾಳು, ಕೆಂಪು ಕುಚ್ಚಲಕ್ಕಿಯ ಗಂಜಿ ಕೊಡಿ. ನೀರನ್ನು ಆಗಾಗ ಕುಡಿಸಿ. ಮಲದಲ್ಲಿ ರಕ್ತ ಕಂಡರೆ, ಹೊಟ್ಟೆ ಉಬ್ಬಿದ್ದರೆ, ಮಕ್ಕಳ ವೈದ್ಯರ ಬಳಿಗೆ ಕರೆದೊಯ್ಯಿರಿ. ಚಡ್ಡಿಯಲ್ಲಿ ದಿನವೂ ತೆಳ್ಳಗಿನ ಮಲದ ಕಲೆ ಕಾಣುತ್ತಿದ್ದರೆ ಅದು ಭೇದಿಯಾಗಿರಬೇಕೆಂದೇನಿಲ್ಲ. ಕಟ್ಟಿಕೊಂಡ ಗಟ್ಟಿ ಮಲದ ಪಕ್ಕದಿಂದ ದ್ರವ ಸೋರುತ್ತಿರಬಹುದು. ಆದ್ದರಿಂದ ಭೇದಿ ನಿಲ್ಲಿಸುವ ಔಷಧವನ್ನು ಮೆಡಿಕಲ್ ಶಾಪಿನಿಂದ ನೀವಾಗಿಯೇ ತಂದು ಕೊಡಬೇಡಿ.