ಒಂದು ಮನೆಗೆ ಒಂದು ಪ್ಯಾರಾ: ಪೋಪರ ಪತ್ರ ಓದಿಸಿದ ನನ್ನ ಅನುಭವ

ನಮ್ಮ ಚರ್ಚಿನ ಒಂದು ವಾರ್ಡಿನ, ಅಂದರೆ ಅಕ್ಕಪಕ್ಕದ ಕ್ಯಾಥೊಲಿಕ್ ಮನೆಗಳ ಗುಂಪಿನ, ಮೂವತ್ತೆರಡು ಮನೆಗಳಲ್ಲಿ ಈಗ ಹನ್ನೊಂದು ಮಂದಿ ಪೋಪರ ಒಂದಾದರೂ ಪತ್ರವನ್ನು ಪೂರ್ತಿ ಓದಿದ್ದಾರೆ. ಹನ್ನೊಂದೇ ಅಂತ ಅನಿಸಬಹುದು. ವಾರ್ಡ್ ಕೂಟ ನಡೆಸುವವರಿಗೆ ಗೊತ್ತು, ಇದು ಸಣ್ಣ ಮಾತಲ್ಲ. "ನಮ್ಮವರು ಬೈಬಲ್ಲೇ ತೆರೆಯುವುದಿಲ್ಲ, ಇನ್ನು ಪೋಪರ ಪತ್ರ ಓದ್ತಾರಾ ಮಾರಾಯ್ರೇ?" ಎಂದು ನನ್ನ ಜೊತೆಯವರೇ ಕೇಳಿದ್ದರು. ಓದಿದರು. ಅದಕ್ಕೆ ನಾಲ್ಕು ವರ್ಷ ಹಿಡಿಯಿತು, ನನ್ನ ಕೈಯಿಂದ ಹದಿನೈದು ಸಾವಿರದ ಹತ್ತಿರ ಹೋಯಿತು.

ನಾವಿರುವುದು ಮುಂಬೈಯಲ್ಲಿ, ಅಂಧೇರಿ ಪೂರ್ವದ ಮರೋಲ್ ಕಡೆ. ಜಾಸ್ತಿ ಮನೆಗಳು ಮಂಗಳೂರು, ಉಡುಪಿ ಮೂಲದ ಕೊಂಕಣಿಯವರದು. ಮನೆಮಾತು ಕೊಂಕಣಿ, ಓದುವ ಅಕ್ಷರ ಕನ್ನಡ. ಶಿವಮೊಗ್ಗ, ಹಾಸನದ ಕಡೆಯ ಏಳೆಂಟು ಮನೆಗಳೂ ಇವೆ. ಹಾಗಾಗಿ ಕೂಟ ನಡೆಯುವುದು ಕನ್ನಡದಲ್ಲಿ. ಇಲ್ಲೇ ಹುಟ್ಟಿದ ಮಕ್ಕಳಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಪರಿಪತ್ರವೋ ಬೇರೆಯೋ ಎಂದು ನಾನು ವಿಂಗಡಿಸುವುದಿಲ್ಲ, ಎಲ್ಲವನ್ನೂ ಪತ್ರ ಎಂದೇ ಕರೆಯುತ್ತೇನೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಪರಿಸರದ ಬಗ್ಗೆ ಪೋಪ್ ಫ್ರಾನ್ಸಿಸರು ಬರೆದ ‘ಲೌದಾತೊ ಸೀ’ಯ ನಲವತ್ತು ಪ್ರತಿ ತಂದು ಭಾನುವಾರದ ಪೂಜೆ ಮುಗಿದ ಮೇಲೆ ಹಂಚಿದೆ. ನಾಲ್ಕು ಸಾವಿರದಷ್ಟು ಖರ್ಚು. ಪ್ರತಿಯೊಂದರ ಮೇಲೂ "ಓದಿ, ಇನ್ನೊಬ್ಬರಿಗೆ ಕೊಡಿ" ಎಂದು ಕೈಯಾರೆ ಬರೆದಿದ್ದೆ. ಮಳೆಗಾಲದ ಮುಂಚೆ ಹಳೇ ಪೇಪರ್ ಹಾಕಲು ರದ್ದಿ ಅಂಗಡಿಗೆ ಹೋದಾಗ ತಕ್ಕಡಿಯ ಪಕ್ಕದಲ್ಲಿ ಒಂದು ಪ್ರತಿ ಬಿದ್ದಿತ್ತು. ನನ್ನದೇ ಅಕ್ಷರ. ಪುಟಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವು, ಬಿಡಿಸಿ ನೋಡಿದ ಗುರುತೇ ಇಲ್ಲ. ಐದು ರೂಪಾಯಿ ಕೊಟ್ಟು ವಾಪಸ್ ತಂದೆ. ಆ ರಾತ್ರಿ ತುಂಬಾ ಬೇಜಾರಾಗಿತ್ತು.

ಮರುವರ್ಷ ತಪಸ್ಸುಕಾಲದಲ್ಲಿ, ಅಂದರೆ ಈಸ್ಟರ್ ಮುಂಚಿನ ಉಪವಾಸದ ವಾರಗಳಲ್ಲಿ, ಅದರದೇ ತರಗತಿ ಇಟ್ಟೆ. ಹಾಲ್, ಪ್ರೊಜೆಕ್ಟರ್, ಹೊರಗಿನಿಂದ ಬಂದು ಮಾತಾಡುವವರು, ಸಮೋಸ, ಚಹಾ. ಏಳು ಸಾವಿರ ದಾಟಿತು. ಮೊದಲ ಶುಕ್ರವಾರ ನಲವತ್ತು ಜನ, ನಾಲ್ಕನೇ ಶುಕ್ರವಾರ ನಾನು, ನನ್ನ ಹೆಂಡತಿ ಸೇರಿ ಆರು ಜನ. 246 ಪ್ಯಾರಾಗಳನ್ನು ನಾಲ್ಕು ವಾರದಲ್ಲಿ ಮುಗಿಸಲು ಹೊರಟಿದ್ದೆವು. ನಾನು ಮಾಡಿದ ಕನ್ನಡವೂ ಭಾರವಾಗಿತ್ತು. ‘ಸಮಗ್ರ ಪರಿಸರ ವಿಜ್ಞಾನ’ ಎಂದರೆ ದುಡಿದು ಬಂದವರು ಎಷ್ಟು ಹೊತ್ತು ಕೂರುತ್ತಾರೆ? ವಾಟ್ಸಾಪ್‌ನಲ್ಲಿ ಪಿಡಿಎಫ್ ಕಳಿಸಿದ್ದರ ಬಗ್ಗೆ ಹೇಳುವುದೇನೂ ಇಲ್ಲ. ಕೈ ಮುಗಿಯುವ ಚಿತ್ರಗಳು ಬಂದವು, ಅಷ್ಟೇ.

ದಾರಿ ಸಿಕ್ಕಿದ್ದು ಅಕ್ಟೋಬರಿನಲ್ಲಿ, ಮನೆ ಮನೆಯಲ್ಲಿ ಜಪಸರದ (ರೋಜರಿ) ಪ್ರಾರ್ಥನೆ ನಡೆಯುವಾಗ. ದಿನನಿತ್ಯದ ಬದುಕಿನಲ್ಲೇ ಪವಿತ್ರರಾಗುವ ಬಗ್ಗೆ ಫ್ರಾನ್ಸಿಸರು 2018ರಲ್ಲಿ ಬರೆದ ‘ಗೌದೇತೆ ಎತ್ ಎಕ್ಸುಲ್ತಾತೆ’ಯ 16ನೇ ಪ್ಯಾರಾ ನಿಮಗೆ ನೆನಪಿರಬಹುದು. ಒಬ್ಬ ಹೆಂಗಸು ಸಾಮಾನು ತರಲು ಹೋಗುತ್ತಾಳೆ. ಪಕ್ಕದ ಮನೆಯವಳು ಸಿಗುತ್ತಾಳೆ, ಊರವರ ಸುದ್ದಿ ಶುರುವಾಗುತ್ತದೆ. ಇಲ್ಲ, ನಾನು ಯಾರ ಬಗ್ಗೆಯೂ ಕೆಟ್ಟದು ಆಡುವುದಿಲ್ಲ ಎಂದು ಇವಳು ಮನಸ್ಸಲ್ಲೇ ಹೇಳಿಕೊಳ್ಳುತ್ತಾಳೆ. ಮನೆಗೆ ಬಂದರೆ ಮಗು ಮಾತಾಡಬೇಕು ಅನ್ನುತ್ತದೆ; ಸುಸ್ತಾಗಿದ್ದರೂ ಕೂತು ಕೇಳುತ್ತಾಳೆ. ಅದನ್ನು ಆಡುಮಾತಿಗೆ ಇಳಿಸಿ, ಒಂದು ಹಾಳೆಯಲ್ಲಿ ಬರೆದು, ಜಪಸರ ಮುಗಿದ ಮೇಲೆ ಆ ಮನೆಯ ಆಂಟಿಯ ಕೈಗೇ ಕೊಟ್ಟೆ. ಅವರು ಓದಿ ಮುಗಿಸಿ ಹಾಳೆಯನ್ನು ತಿರುಗಿಸಿ ನೋಡಿದರು. "ಇದು ಪೋಪರು ಬರೆದದ್ದಾ? ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲಿ ನಡೆದ ಹಾಗೇ ಇದೆಯಲ್ಲ!" ಅಂದರು. ಅವತ್ತು ಮುಕ್ಕಾಲು ಗಂಟೆ ಯಾರೂ ಏಳಲಿಲ್ಲ.

ಆಮೇಲಿಂದ ಪದ್ಧತಿ ಇದೇ. ಒಂದು ಮನೆಗೆ ಒಂದು ಪ್ಯಾರಾ. ದಪ್ಪ ಅಕ್ಷರದಲ್ಲಿ ಹದಿನೈದು ಸಾಲು ಮೀರದ ಒಂದು ಹಾಳೆ, ತಲೆಯ ಮೇಲೆ ಪ್ಯಾರಾದ ನಂಬರ್. ನಂಬರ್ ಬಿಡಬೇಡಿ. 16 ಓದಿದವರಿಗೆ 15ರಲ್ಲಿ ಏನಿದೆ, 17ರಲ್ಲಿ ಏನಿದೆ ಎಂಬ ಆಸೆ ಹುಟ್ಟುವುದು ಅದರಿಂದಲೇ. ಓದುವವರು ಆ ಮನೆಯವರೇ ಆಗಬೇಕು. ನಾನು ವಿವರಿಸುವುದಿಲ್ಲ. ಓದಿ ಆದ ಮೇಲೆ ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ಆ ಪ್ರಶ್ನೆ ಯಾವುದು ಎಂದು ಬರೆಯುವುದಿಲ್ಲ. ನಿಮ್ಮ ಜನಕ್ಕೆ ತಕ್ಕ ಪ್ರಶ್ನೆ ನಿಮಗೇ ಹೊಳೆಯಬೇಕು. ಯಾವ ಮನೆಗೆ ಯಾವ ಪ್ಯಾರಾ ಎಂದು ಬರೆದಿಟ್ಟ ನೋಟ್‌ಬುಕ್ಕನ್ನೂ ಯಾರಿಗೂ ಕೊಡುವುದಿಲ್ಲ. ಅದು ಬೇಕಾದರೆ ಪತ್ರಗಳನ್ನು ಪೂರ್ತಿ ನೀವೇ ಓದಬೇಕು.

ಅನುವಾದವನ್ನು ಮೊದಲು ಅಡುಗೆಮನೆಯಲ್ಲಿ ಹೆಂಡತಿಗೆ ಓದುತ್ತೇನೆ. ಅವಳು "ಅಂದ್ರೆ?" ಎಂದು ಕೇಳಿದ ವಾಕ್ಯವನ್ನು ಹೊಡೆದು ಹಾಕಿ ಹೊಸದಾಗಿ ಬರೆಯುತ್ತೇನೆ. ಆಮೇಲೆ ಫಾದರ್ ಇಂಗ್ಲಿಷಿನ ಜೊತೆ ಇಟ್ಟು ನೋಡುತ್ತಾರೆ. ಸುಲಭ ಮಾಡಲು ಹೋಗಿ ಪೋಪರು ಹೇಳದ್ದನ್ನು ಅವರ ಬಾಯಲ್ಲಿ ಹೇಳಿಸಬಾರದು, ಅಲ್ವಾ?

ಒಮ್ಮೆ ದೊಡ್ಡ ತಪ್ಪಾಯಿತು. ಕುಟುಂಬದ ಬಗ್ಗೆ ಫ್ರಾನ್ಸಿಸರು ಬರೆದ ‘ಅಮೋರಿಸ್ ಲೆತಿತ್ಸಿಯಾ’ದ 191ರಲ್ಲಿ ವಯಸ್ಸಾದವರ ಮಾತು ಬರುತ್ತದೆ, ಮುಪ್ಪಿನಲ್ಲಿ ನನ್ನನ್ನು ತಳ್ಳಿಬಿಡಬೇಡ ಎನ್ನುವ ಬೈಬಲಿನ ಕೀರ್ತನೆಯ ಸಾಲಿನೊಂದಿಗೆ. ಅದನ್ನು ಒಂದು ಮನೆಗೆ ಕೊಟ್ಟೆ. ಅವರ ಅಮ್ಮನನ್ನು ಎರಡು ತಿಂಗಳ ಹಿಂದಷ್ಟೇ ಊರಿನ ವೃದ್ಧಾಶ್ರಮದಲ್ಲಿ ಬಿಟ್ಟು ಬಂದಿದ್ದರು. ನನಗೆ ಗೊತ್ತಿರಲಿಲ್ಲ. ಮಗ ಅರ್ಧಕ್ಕೆ ಓದು ನಿಲ್ಲಿಸಿ ಹಾಳೆಯನ್ನು ಟಿವಿ ಮೇಲೆ ಇಟ್ಟರು. ಮೂರು ತಿಂಗಳು ಆ ಮನೆಯವರು ಕೂಟಕ್ಕೆ ಬರಲಿಲ್ಲ. ಹೋಗಿ ಕ್ಷಮೆ ಕೇಳಿದೆ. ಈಗ ಒಂದು ವಾರ ಮೊದಲು ಸುಮ್ನೆ ಚಹಾಕ್ಕೆ ಹೋಗಿ, ಮನೆಯ ಕಷ್ಟಸುಖ ಕೇಳಿ ಬಂದೇ ಪ್ಯಾರಾ ಆರಿಸುತ್ತೇನೆ. ಅದೇ ಪತ್ರದ 133, ದಯವಿಟ್ಟು, ಥ್ಯಾಂಕ್ಸ್, ಸಾರಿ ಎಂಬ ಮೂರು ಮಾತುಗಳದ್ದು, ಹೊಸದಾಗಿ ಮದುವೆಯಾದವರ ಮನೆಯಲ್ಲಿ ಈವರೆಗೆ ಸೋತಿಲ್ಲ.

ಹುಡುಗರಿಗೆ ‘ಲೌದಾತೊ ಸೀ’ಯ 153. ನಗರದ ಓಡಾಟ, ನೂಕುನುಗ್ಗಲು, ಮರ್ಯಾದೆಯಿಲ್ಲದ ಪ್ರಯಾಣ. ದಿನಾ ಲೋಕಲ್‌ನಲ್ಲಿ ಜೋತಾಡಿ ಹೋಗುವ ಹುಡುಗ ಅದನ್ನು ಇಂಗ್ಲಿಷಿನಲ್ಲೇ ಓದಿ ಅಜ್ಜಿಗೆ ಕೊಂಕಣಿಯಲ್ಲಿ ಹೇಳಿದ. ಮೊಮ್ಮಗ ಓದುವುದು, ಅಜ್ಜಿ ಕೇಳುವುದು. ಈ ಜೋಡಿ ನಾನು ಯೋಚಿಸಿ ಮಾಡಿದ್ದಲ್ಲ. ಈಗ ಬೇಕೆಂದೇ ಮಾಡುತ್ತೇನೆ.

ನಡುವೆ ಬೇರೆ ಪ್ರಯೋಗಗಳೂ ಆದವು. ಆಡಿಯೋ ಮಾಡಿ ಕಳಿಸಿದೆ. ಎರಡು ನಿಮಿಷ ದಾಟಿದ್ದನ್ನು ಯಾರೂ ಕೇಳುವುದಿಲ್ಲ, ಬಿಟ್ಟುಬಿಟ್ಟೆ. ನಮ್ಮವರೊಬ್ಬರ ಕ್ಯಾಂಟೀನಿನ ಕೆಲಸಗಾರರಿಗೆ 1891ರ ‘ರೇರುಮ್ ನೊವಾರುಮ್’ನಿಂದ ಕೂಲಿ ಮತ್ತು ಭಾನುವಾರದ ವಿಶ್ರಾಂತಿಯ ಭಾಗ ಓದಿದೆ. ಪೋಪ್ ಹದಿಮೂರನೇ ಲಿಯೋ ಅದನ್ನು ಬರೆಯುವ ಮುಂಚಿನ ವರ್ಷವೇ, 1890ರಲ್ಲಿ, ಇದೇ ಊರಿನ ಮಿಲ್ ಕಾರ್ಮಿಕರು ಕಾರ್ಮಿಕ ನಾಯಕ ನಾರಾಯಣ ಮೇಘಾಜಿ ಲೋಖಂಡೆಯವರ ನೇತೃತ್ವದಲ್ಲಿ ಭಾನುವಾರದ ರಜೆ ಪಡೆದಿದ್ದರು. ಅದನ್ನೂ ಹೇಳಿದೆ. ಆದರೆ ಮಾಲೀಕರು ಎದುರಲ್ಲೇ ಕೂತಿದ್ದರು. ಕೂಲಿಯ ಮಾತು ಬಂದಾಗ ಒಬ್ಬರೂ ತಲೆ ಎತ್ತಲಿಲ್ಲ. ಜಾಗ ತಪ್ಪಾಯಿತು. ಇನ್ನೊಮ್ಮೆ ಬೇರೆ ಕಡೆ ಮಾಡುತ್ತೇನೆ.

ನನಗೆ ತುಂಬಾ ಖುಷಿ ಕೊಟ್ಟದ್ದು ‘ಪೊಪುಲೋರುಮ್ ಪ್ರೊಗ್ರೆಸ್ಸಿಯೊ’. ಬಡ ದೇಶಗಳ ಏಳಿಗೆಯ ಬಗ್ಗೆ ಪೋಪ್ ಆರನೇ ಪೌಲರು 1967ರಲ್ಲಿ ಬರೆದದ್ದು. ಹಳೇದು ಯಾರಿಗೆ ಬೇಕು ಎಂದು ಕೆಲವರು ತಡೆದರು. ನಮ್ಮಲ್ಲಿ ಎಪ್ಪತ್ತಾರು ವಯಸ್ಸಿನ ಅಂಕಲ್ ಒಬ್ಬರಿದ್ದಾರೆ. 1964ರಲ್ಲಿ ಫೋರ್ಟಿನ ಹೋಟೆಲೊಂದರಲ್ಲಿ ಲೋಟ ತೊಳೆಯುತ್ತಿದ್ದರು. ಆ ಡಿಸೆಂಬರಿನಲ್ಲಿ ಪೌಲರು ಯೂಕರಿಸ್ಟಿಕ್ ಕಾಂಗ್ರೆಸ್ ಎಂಬ ಕ್ಯಾಥೊಲಿಕರ ದೊಡ್ಡ ಸಮಾವೇಶಕ್ಕೆ ಇಲ್ಲಿಗೆ ಬಂದಾಗ ಸೇಠ್ ಒಂದು ಸಂಜೆ ರಜೆ ಕೊಟ್ಟಿದ್ದರಂತೆ. ಓವಲ್ ಮೈದಾನದ ಜನದ ನಡುವೆ, ದೂರದಲ್ಲಿ ಬಿಳಿ ನಿಲುವಂಗಿ ಮಾತ್ರ ಕಂಡಿದ್ದು. ಅವರಿಗೆ 43ನೇ ಪ್ಯಾರಾ ಕೊಟ್ಟೆ. ಬೆರಳನ್ನು ಸಾಲಿನ ಕೆಳಗೆ ಜಾರಿಸುತ್ತಾ ಓದುತ್ತಿದ್ದರು. ‘ಬೊಂಬಾಯಿಯಲ್ಲಿ ನಾವು ಹೇಳಿದ ಹಾಗೆ’ ಎನ್ನುವಲ್ಲಿ ಬೆರಳು ನಿಂತಿತು. ಕನ್ನಡಕ ತೆಗೆದು ಒರೆಸಿ ಅದೇ ಸಾಲನ್ನು ಇನ್ನೊಮ್ಮೆ ಓದಿದರು. "ನಾನು ಅಲ್ಲಿದ್ದೆ. ಅವರು ಏನು ಹೇಳಿದ್ದು ಎಂದು ಇವತ್ತು ಗೊತ್ತಾಯಿತು" ಅಂದರು. ಮನುಷ್ಯ ಮನುಷ್ಯನನ್ನು, ದೇಶ ದೇಶವನ್ನು ಒಡಹುಟ್ಟಿದವರ ಹಾಗೆ ಕಾಣಬೇಕು ಎಂಬ ಮಾತು ಅದು. ಮುಂದೆ 51ರಲ್ಲೂ ಬೊಂಬಾಯಿ ಬರುತ್ತದೆ. ಆಯುಧಕ್ಕೆ ಸುರಿಯುವ ದುಡ್ಡಿನಲ್ಲಿ ಒಂದು ಪಾಲು ತೆಗೆದು ಬಡವರಿಗಾಗಿ ಲೋಕಕ್ಕೇ ಒಂದು ನಿಧಿ ಮಾಡಿ ಎಂದು ಅವರು ಇಲ್ಲೇ ಕರೆ ಕೊಟ್ಟದ್ದು. ಅಂಕಲ್ ಅದನ್ನೂ ಕೇಳಿ ಪಡೆದರು. ಕೊನೆಗೆ ಎಲ್ಲ 87 ಪ್ಯಾರಾಗಳನ್ನು ಮೊಮ್ಮಗಳ ಬಾಯಿಂದ ಓದಿಸಿಕೊಂಡರು, ಐದಾರು ವಾರದಲ್ಲಿ. ನನ್ನ ಹನ್ನೊಂದರಲ್ಲಿ ಆ ಇಬ್ಬರೂ ಇದ್ದಾರೆ.

ಈಗಿನ ಖರ್ಚು ತಿಂಗಳಿಗೆ ಝೆರಾಕ್ಸಿಗೆ ನೂರೈವತ್ತು, ಹೆಚ್ಚೆಂದರೆ ಇನ್ನೂರು. ಸಮೋಸ ಇಲ್ಲ, ಪ್ರೊಜೆಕ್ಟರ್ ಇಲ್ಲ. ಚಹಾ ಮನೆಯವರದು.

ಸದ್ಯ ಪೋಪ್ ಹದಿನಾಲ್ಕನೇ ಲಿಯೋ 2025ರ ಅಕ್ಟೋಬರಿನಲ್ಲಿ ಕೊಟ್ಟ ‘ದಿಲೆಕ್ಸಿ ತೇ’ ಹಿಡಿದಿದ್ದೇನೆ. 121 ಪ್ಯಾರಾಗಳು, ಎಲ್ಲ ಬಡವರ ಮೇಲಿನ ಪ್ರೀತಿಯ ಬಗ್ಗೆ. ಒಂಬತ್ತನ್ನು ಕನ್ನಡಕ್ಕೆ ಇಳಿಸಿದ್ದೇನೆ, ಅಡುಗೆಮನೆಯಲ್ಲಿ ಪಾಸಾದದ್ದು ಆರು. ಕೊನೆಯಲ್ಲಿ ಭಿಕ್ಷೆ ನೀಡುವುದರ ಬಗ್ಗೆ ಬರುವ ಭಾಗ ಯಾವ ಮನೆಗೆ ಎಂದು ಇನ್ನೂ ತೀರ್ಮಾನ ಆಗಿಲ್ಲ. ಅದಕ್ಕೆ ಮೊದಲು ಎರಡು ಮೂರು ಮನೆಯಲ್ಲಿ ಚಹಾ ಕುಡಿಯಬೇಕು.