ಹೊಳೆ ಬದಿ ಮನೆ ಕಟ್ಟೋರು ಪ್ಲಾನ್ ಹಾಕ್ಸೋ ಮೊದ್ಲು ಇದೊಂದು ಓದಿ

ನಮ್ಮ ಉತ್ತರ ಕನ್ನಡದ ಗಂಗಾವಳಿ, ಅಘನಾಶಿನಿ ಹೊಳೆ ಬದಿಯಲ್ಲಿ ಜಾಗ ಇದ್ರೆ ಮೊದ್ಲು ಅಕ್ಕಪಕ್ಕದ ಹಳೇ ಮನೆಗೆ ಹೋಗಿ 2019ರಲ್ಲಿ ನೆರೆ ನೀರು ಎಲ್ಲಿ ತನಕ ಬಂದಿತ್ತು ಕೇಳಿ, ಗೋಡೆಗೆ ಬಣ್ಣ ಹೊಡ್ದಿದ್ರೂ ಯಾವ ಮೆಟ್ಲು ಮುಳುಗಿತ್ತು ಅಂತ ಮನೆಯವ್ರಿಗೆ ನೆನಪಿರ್ತದೆ. 2021ರ ಜುಲೈದೂ ಕೇಳಿ, ಆ ಸಲ ಗಂಗಾವಳಿ ಮೇಲಿನ ಗುಳ್ಳಾಪುರ ಸೇತುವೆನೇ ಕೊಚ್ಚಿ ಹೋಗಿತ್ತಲ್ಲ. ಎರಡ್ರಲ್ಲಿ ಯಾವ್ದು ಜಾಸ್ತಿಯೋ ಆ ಮಟ್ಟನ ಮೇಸ್ತ್ರಿ ಹತ್ರ ಲೆವೆಲ್ ಪೈಪ್ (ಮಟ್ಟ ನೋಡೋ ನೀರು ತುಂಬಿದ ಪೈಪು) ಹಿಡಿಸಿ ನಿಮ್ಮ ಜಾಗಕ್ಕೆ ತಂದು ಗುರ್ತು ಹಾಕಿ, ಮನೆ ನೆಲ ಅದಕ್ಕಿಂತ ಒಂದೂವರೆ ಎರಡು ಅಡಿ ಮೇಲೆ ಬರ್ಲಿ.

ಗುರ್ತು ಐದಾರು ಅಡಿ ಎತ್ತರ ಬಂದ್ರೆ ಮಣ್ಣು ತುಂಬಿಸೋಕೆ ಹೋಗ್ಬೇಡಿ, ಸರಿಯಾಗಿ ಬಡಿದು ದಮ್ಮಸ್ ಮಾಡದ ಮಣ್ಣು ಕುಸೀತದೆ, ಮೇಲಿಂದ ನಿಮ್ಮ ನೀರು ಪಕ್ಕದ ಮನೆಗೆ ಹೋಗಿ ಜಗಳ ಬೇರೆ. ಕಾಂಕ್ರೀಟ್ ಕಂಬದ ಮೇಲೆ ಎತ್ತಿ, ಕೆಳಗೆ ಖಾಲಿ ಬಿಡಿ, ಬೈಕು ಕಾಯಿ ಕಟ್ಟಿಗೆ ಇಟ್ಕೊಳ್ಳಿ. ಎರಡು ವರ್ಷ ಆದ್ಮೇಲೆ ಅಲ್ಲೇ ಒಂದು ರೂಮ್ ಮಾಡುವ ಅನ್ಸ್ತದೆ, ಮಾಡ್ಬೇಡಿ ಮಾರಾಯ್ರೆ.

ಎತ್ತರಿಸೋಕೆ ದುಡ್ಡಿಲ್ಲ ಅಂದ್ರೆ? ಆಗ ನೀರು ತಡೆಯೋ ಆಸೆ ಬಿಡಿ. ಹೊರಗೆ ಒಂದು ಮೀಟರ್ ನೀರು, ಒಳಗೆ ಒಣ ಇದ್ರೆ ಒಂದು ಮೀಟರ್ ಉದ್ದದ ಗೋಡೆ ಮೇಲೆ ಸುಮಾರು 500 ಕಿಲೋ ಒತ್ತಡ ಬೀಳ್ತದೆ, ಮಣ್ಣಲ್ಲಿ ಕಟ್ಟಿದ ಚೀರೆಕಲ್ಲಿನ ಗೋಡೆ ಅದಕ್ಕೆ ನಿಲ್ಲೂದು ಕಷ್ಟ. ಎರಡ್ಮೂರು ಅಡಿ ದಾಟಿದ್ರೆ ಬಾಗ್ಲು ತೆಗೆದು ನೀರನ್ನ ಒಳಗೆ ಬಿಡೋದೇ ವಾಸಿ. ಪಾಗಾರಕ್ಕೂ (ಕಾಂಪೌಂಡ್ ಗೋಡೆಗೂ) ಅಷ್ಟೇ, ಬುಡದಲ್ಲಿ ಅಲ್ಲಲ್ಲಿ ದೊಡ್ಡ ಕಿಂಡಿ ಬಿಡಿ. ಹೊಸದಾಗಿ ಕಟ್ಟೋರು ಸಿಮೆಂಟಲ್ಲೇ ಕಟ್ಟಿ, ಪಂಚಾಂಗಕ್ಕೆ (ಗೋಡೆ ಕೆಳಗಿನ ಅಡಿಪಾಯಕ್ಕೆ) ಮತ್ತೆ ಬಾಗ್ಲು ಕಿಟಕಿ ಮೇಲಿನ ಲಿಂಟಲ್‌ಗೆ ಸುತ್ತ ಕಾಂಕ್ರೀಟ್ ಬೆಲ್ಟ್ ಹಾಕ್ಸಿ.

ಒಳಗೆ ನೀರು ಬರ್ತದೆ ಅಂತ ಗೊತ್ತಿದ್ಮೇಲೆ ಸಾಮಾನು ಹಾಗೇ ಆರಿಸ್ಬೇಕು. ನಮ್ಮನೆ ಅಡುಗೆಕೋಣೆ ಪ್ಲೈವುಡ್ ಕಪಾಟು ಒಂದೇ ದಿನಕ್ಕೆ ಹಪ್ಪಳ ಆಗಿತ್ತು, ಈಗ ಕಡಪ ಕಲ್ಲಿನದ್ದು, ಚಂದ ಇಲ್ಲ ಆದ್ರೆ ತೊಳೆದ್ರೆ ಮುಗೀತು. ವೈರಿಂಗ್ ಮೇಲಿಂದ ಕೆಳಗೆ ಇಳಿಸಿ, ಪ್ಲಗ್, ಬೋರ್ಡ್, ಮೀಟರ್ ಎಲ್ಲಾ ಗುರ್ತಿನ ಮೇಲೆ. ಟಾಯ್ಲೆಟ್ ಪೈಪಿಗೆ ನಾನ್ ರಿಟರ್ನ್ ವಾಲ್ವ್ ಹಾಕ್ಸಿ, ಇಲ್ಲಾಂದ್ರೆ ಸೆಪ್ಟಿಕ್ ಟ್ಯಾಂಕಿಂದು ವಾಪಸ್ ಮನೆಗೇ ಬರ್ತದೆ, ಆ ವಾಸ್ನೆ ಬೇಡ. ಬಾವಿ ಕಟ್ಟೆನೂ ಎತ್ತರಿಸಿ. ಅಕ್ಕಿ, ಕಾಗದಪತ್ರ ಅಟ್ಟಕ್ಕೆ.

ಹೊಳೆಗೆ ಹೆದರಿ ಹಿಂದಿನ ಗುಡ್ಡ ಕಡಿದು ಜಾಗ ಮಾಡೋರಿಗೆ, 2024ರಲ್ಲಿ ಅಂಕೋಲಾ ಹತ್ರದ ಶಿರೂರಲ್ಲಿ ಗುಡ್ಡ ಜಾರಿದ್ದು ನೆನಪಿರ್ಲಿ.