ಮುತ್ತಿಗೆ ಒಂದು ಆರೈಕೆ, ಕಲ್ಲಿಗೆ ಇನ್ನೊಂದು

ಹಾರ ಪೋಣಿಸುವುದು, ಕಲ್ಲಿನ ಒಡವೆ ತೊಳೆದು ಕೊಡುವುದು ನನ್ನ ಕೆಲಸ. ಬಳಸಿ ಹಾಳಾದ ಒಡವೆಗಿಂತ ತೊಳೆದು ಹಾಳಾದ ಒಡವೆಯೇ ನನ್ನ ಕೈಗೆ ಜಾಸ್ತಿ ಬರುತ್ತದೆ. ಟೂತ್‌ಪೇಸ್ಟ್, ಅಡುಗೆ ಸೋಡಾ, ಕುದಿನೀರು ಎಲ್ಲವೂ ಅದಕ್ಕೆ ಬಿದ್ದಿರುತ್ತದೆ. ಪ್ರೀತಿಯಿಂದಲೇ ತೊಳೆದಿರುತ್ತಾರೆ, ಅದನ್ನು ನೋಡಿದಾಗ ಇನ್ನೂ ಬೇಜಾರಾಗುತ್ತದೆ.

ಮುತ್ತು ಕಲ್ಲಲ್ಲ. ಚಿಪ್ಪಿನೊಳಗಿನ ಜೀವಿ ಪದರದ ಮೇಲೆ ಪದರ ಕಟ್ಟಿದ್ದು ಅದು, ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ನಿಂಬೆರಸ, ವಿನೆಗರ್ ತಾಗಿದರೆ ಮೇಲ್ಪದರವೇ ಕರಗುತ್ತದೆ. ಬೆವರು, ಸೆಂಟು, ಹೇರ್ ಸ್ಪ್ರೇ ನಿಧಾನವಾಗಿ ಹೊಳಪು ತೆಗೆಯುತ್ತವೆ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಅಲಂಕಾರವೆಲ್ಲ ಮುಗಿದ ಮೇಲೆ ಮುತ್ತು ಹಾಕಿಕೊಳ್ಳಿ, ಮನೆಗೆ ಬಂದ ತಕ್ಷಣ ಮೊದಲು ಅದನ್ನೇ ಬಿಚ್ಚಿ.

ಇನ್ನು ಗಡಸುತನ. ಯಾವುದು ಯಾವುದನ್ನು ಗೀರುತ್ತದೆ ಅಂತ ಹೇಳುವ ಮೋಸ್ ಅಳತೆಯಲ್ಲಿ ವಜ್ರ 10, ಮಾಣಿಕ್ಯ ಮತ್ತು ನೀಲ 9, ಮುತ್ತು ಬರೀ 2.5ರಿಂದ 4.5. ಮನೆಯ ದೂಳಿನಲ್ಲಿ ಸ್ಫಟಿಕದ ಸಣ್ಣ ಕಣಗಳಿರುತ್ತವೆ, ಅವುಗಳ ಗಡಸುತನ 7. ಒಣಬಟ್ಟೆಯಲ್ಲಿ ಗಸಗಸ ಉಜ್ಜಿದರೆ ಆ ಕಣಗಳೇ ಮುತ್ತನ್ನು ಗೀರುತ್ತವೆ. ನಾನು ಮೆತ್ತನೆಯ ಹತ್ತಿಬಟ್ಟೆಯನ್ನು ನೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಒಂದೊಂದೇ ಮುತ್ತನ್ನು ಹಗುರವಾಗಿ ಒರೆಸುತ್ತೇನೆ. ಹಾರವನ್ನು ನೀರಲ್ಲಿ ಮುಳುಗಿಸುವುದೇ ಇಲ್ಲ. ರೇಷ್ಮೆ ದಾರ ಒದ್ದೆಯಾದರೆ ಹಿಗ್ಗುತ್ತದೆ, ರಂಧ್ರದೊಳಗೆ ಕೊಳೆಯೂ ಸೇರುತ್ತದೆ. ಒರೆಸಿದ ಮೇಲೆ ರಾತ್ರಿಯಿಡೀ ಬಟ್ಟೆಯ ಮೇಲೆ ಮಲಗಿಸಿ ಒಣಗಿಸುತ್ತೇನೆ. ಮೊಳೆಗೆ ನೇತುಹಾಕಿದರೆ ದಾರ ಜಗ್ಗುತ್ತದೆ.

ದಾರ ಬದಲಿಸುವ ಹೊತ್ತು ಬಂತೋ ಇಲ್ಲವೋ ಅಂತ ನೋಡುವುದು ಸುಲಭ. ಹಾರದ ಎರಡೂ ತುದಿ ಹಿಡಿದು ಬೆಳಕಿಗೆ ಎತ್ತಿ. ಎರಡು ಮುತ್ತುಗಳ ನಡುವೆ ಒಂದು ಗಂಟು ಇರುತ್ತದೆ. ಮುತ್ತಿಗೂ ಆ ಗಂಟಿಗೂ ನಡುವೆ ದಾರ ಕಾಣುತ್ತಿದ್ದರೆ, ಅಥವಾ ಗಂಟಿನ ಹತ್ತಿರ ಕಪ್ಪಾಗಿದ್ದರೆ, ಬದಲಿಸಲೇಬೇಕು. ಮೊದಲು ಸವೆಯುವುದು ಕೊಂಡಿಯ ಪಕ್ಕದ ದಾರ.

ಪೋಣಿಸುವಾಗ ನನಗೆ ತುಂಬಾ ಇಷ್ಟದ ಭಾಗ ಗಂಟು. ಒಂದು ಮುತ್ತು ದಾಟಿಸಿ, ಸಡಿಲವಾಗಿ ಒಂದು ಗಂಟು ಹಾಕುತ್ತೇನೆ. ಕುಣಿಕೆಯೊಳಗೆ ದಪ್ಪ ಸೂಜಿ ತೂರಿಸಿ, ಆ ಸೂಜಿಯಿಂದಲೇ ಗಂಟನ್ನು ಜಾರಿಸುತ್ತಾ ಮುತ್ತಿನ ಬಾಯಿಗೆ ತರುತ್ತೇನೆ. ಅಲ್ಲಿ ತಾಗಿತು ಅನ್ನುವಾಗ ಸೂಜಿ ಹೊರಗೆಳೆದು, ಉಗುರಿನಿಂದ ಒತ್ತಿ ಬಿಗಿ ಮಾಡುತ್ತೇನೆ. ತೀರಾ ಬಿಗಿಯಾದರೆ ಹಾರ ಕಡ್ಡಿಯಂತೆ ನಿಲ್ಲುತ್ತದೆ, ಸಡಿಲವಾದರೆ ಮುತ್ತು ಓಡಾಡಿ ರಂಧ್ರದ ಅಂಚು ಸವೆಯುತ್ತದೆ. ಗಂಟು ಇದ್ದರೆ ಮುತ್ತುಗಳು ಒಂದಕ್ಕೊಂದು ಉಜ್ಜುವುದಿಲ್ಲ. ದಾರ ಕಿತ್ತುಹೋದರೂ ಎಲ್ಲವೂ ನೆಲದ ಪಾಲಾಗುವುದಿಲ್ಲ.

ಕಲ್ಲುಗಳದ್ದು ಬೇರೆ ಕಥೆ. ವಜ್ರ, ಮಾಣಿಕ್ಯ, ನೀಲವನ್ನು ಸಾಮಾನ್ಯವಾಗಿ ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ಧೈರ್ಯವಾಗಿ ತೊಳೆಯಬಹುದು. ವಜ್ರಕ್ಕೆ ಜಿಡ್ಡು ಬೇಗ ಅಂಟುತ್ತದೆ. ಮಂಕಾದ ಉಂಗುರವನ್ನು ತಿರುಗಿಸಿ ನೋಡಿ, ಕಲ್ಲಿನ ಹಿಂಭಾಗದಲ್ಲಿ ಕ್ರೀಮು, ಸೋಪು ಸೇರಿ ಕೆನೆಗಟ್ಟಿರುತ್ತದೆ. ಮೆತ್ತನೆಯ ಬ್ರಷ್‌ನಿಂದ ಅದನ್ನು ತೆಗೆದರೆ ಸಾಕು.

ಪಚ್ಚೆಗೆ ಮಾತ್ರ ಈ ಧೈರ್ಯ ಬೇಡ. ಅದರೊಳಗೆ ಹುಟ್ಟಿನಿಂದಲೇ ಸಣ್ಣ ಬಿರುಕುಗಳಿರುತ್ತವೆ. ಅವು ಕಾಣದಿರಲಿ ಅಂತ ಹೆಚ್ಚಿನ ಪಚ್ಚೆಗಳಿಗೆ ಎಣ್ಣೆ ಅಥವಾ ಅಂಟು ತುಂಬಿರುತ್ತಾರೆ. ಬಿಸಿನೀರು, ಹಬೆ, ಅಥವಾ ಶಬ್ದದ ಅಲೆಗಳಿಂದ ಒಡವೆ ತೊಳೆಯುವ ಅಲ್ಟ್ರಾಸಾನಿಕ್ ಯಂತ್ರ ತಾಗಿದರೆ ಅದು ಹೊರಬಂದು ಬಿರುಕೆಲ್ಲ ಬಿಳಿ ಗೆರೆಯಾಗಿ ಕಾಣುತ್ತದೆ. ಓಪಲ್, ಹವಳ, ಟರ್ಕಾಯ್ಸ್ ಕೂಡ ಯಂತ್ರಕ್ಕೆ ಹಾಕುವವಲ್ಲ. ಹವಳವೂ ಮುತ್ತಿನ ಹಾಗೆ ಜೀವಿ ಕಟ್ಟಿದ್ದೇ ಅಲ್ವಾ, ಅದನ್ನೂ ಒದ್ದೆ ಬಟ್ಟೆಯಲ್ಲೇ ಒರೆಸಿ. ಅಮೆಥಿಸ್ಟ್ ಅನ್ನುವ ನೇರಳೆ ಕಲ್ಲನ್ನು ಬಿಸಿಲಲ್ಲಿ ಬಹಳ ದಿನ ಬಿಟ್ಟರೆ ಬಣ್ಣ ಕಳೆಗುಂದುತ್ತದೆ.

ಎತ್ತಿಡುವಾಗ ಎಲ್ಲವನ್ನೂ ಸುಮ್ನೆ ಒಂದೇ ಡಬ್ಬಿಗೆ ತುಂಬಬೇಡಿ, ವಜ್ರ ಪಕ್ಕದಲ್ಲಿರುವ ಯಾವ ಕಲ್ಲನ್ನಾದರೂ ಗೀರುತ್ತದೆ. ಮುತ್ತಿಗೆ ಬಟ್ಟೆಚೀಲ ಒಳ್ಳೆಯದು. ಗಾಳಿಯಾಡದ ಪ್ಲಾಸ್ಟಿಕ್ ಕವರಿನಲ್ಲಿ ವರ್ಷಗಟ್ಟಲೆ ಇಟ್ಟರೆ ಅದು ಒಣಗಿ ಸೀಳು ಬಿಡಬಹುದು.

ಕಲ್ಲಿನ ಉಂಗುರ ಯಾವುದೇ ಆಗಲಿ, ತೊಳೆಯುವ ಮುಂಚೆ ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟುತ್ತೇನೆ. ಟಿಕ್ ಟಿಕ್ ಅಂದರೆ ಕಲ್ಲು ಅಲುಗುತ್ತಿದೆ ಅಂತ. ಅದನ್ನು ಮೊದಲು ಬಿಗಿ ಮಾಡಿಸಿ ಆಮೇಲೆ ತೊಳೆಯುತ್ತೇನೆ. ಕೆಲವೊಮ್ಮೆ ಸಡಿಲ ಕಲ್ಲು ನಿಂತಿರುವುದೇ ಆ ಕೊಳೆಯ ಹಿಡಿತದಲ್ಲಿ.